ಬೆಟ್ಟ ಮಾರಲು ಹೊರಟ ಯಜಮಾನರು

2000ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಒಂದು ಇಡೀ ಬೆಟ್ಟಸಾಲು ಮಾರಾಟಕ್ಕೆ ಬಂತು. ಅದರ ಹೆಸರು ಬ್ಲ್ಯಾಕ್ ಕೂಲಿನ್. ಕೇಳಿದ ಬೆಲೆ ಒಂದು ಕೋಟಿ ಪೌಂಡ್. ಮಾರಲು ಹೊರಟವರು ಜಾನ್ ಮೆಕ್ಲೌಡ್ ಆಫ್ ಮೆಕ್ಲೌಡ್, ಮೆಕ್ಲೌಡ್ ಕುಲದ 29ನೇ ಯಜಮಾನರು. ಅವರ ಮನೆತನದ ಡನ್‌ವೇಗನ್ ಕೋಟೆಯ ಚಾವಣಿ ಸೋರುತ್ತಿತ್ತು. ರಿಪೇರಿಗೆ ದುಡ್ಡು ಬೇಕಿತ್ತು.

ತುಂಬ ಜನ ಇದನ್ನು ಒಬ್ಬ ಶ್ರೀಮಂತನ ದುರಾಸೆ ಅಂತ ಬೈದರು. ನನಗೆ ಜಾನ್ ದುರಾಸೆಯವರಾಗಿ ಕಾಣುವುದಿಲ್ಲ. ಆದರೂ ಅವರು ಮಾಡಲು ಹೊರಟ ಕೆಲಸ ತಪ್ಪು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಯಾಕೆ ಅಂತ ಹೇಳಬೇಕಾದರೆ ಅವರ ಬದುಕಿನಿಂದಲೇ ಶುರು ಮಾಡಬೇಕು.

ಜಾನ್ ಹುಟ್ಟಿದ್ದು 1935ರಲ್ಲಿ, ಅವಳಿಗಳಲ್ಲಿ ಒಬ್ಬರಾಗಿ. ಹುಟ್ಟಿನ ಮನೆ ಹೆಸರು ವುಲ್ರಿಜ್-ಗಾರ್ಡನ್. ಇನ್ನೊಬ್ಬ ಅವಳಿ ಪ್ಯಾಟ್ರಿಕ್ ಮುಂದೆ ಬ್ರಿಟನ್ ಸಂಸತ್ತಿನ ಸದಸ್ಯರಾದರು. ಜಾನ್‌ಗೆ ಒಲಿದದ್ದು ಹಾಡು. ಅವರಿಗೆ ಯಜಮಾನಿಕೆ ಬಂದದ್ದು ತಾಯಿಯ ಕಡೆಯ ಅಜ್ಜಿಯಿಂದ. ಆ ಅಜ್ಜಿ ಡೇಮ್ ಫ್ಲೋರಾ ಮೆಕ್ಲೌಡ್, 28ನೆಯವರು. 1976ರಲ್ಲಿ, 98ರ ವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲೆ ಮೊಮ್ಮಗ ಆ ಜಾಗಕ್ಕೆ ಬಂದರು.

ಫ್ಲೋರಾ ಅವರ ಬಗ್ಗೆ ನನಗೆ ತುಂಬ ಗೌರವ. ವಯಸ್ಸಾದ ಮೇಲೆ ಅವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ, ಅಮೆರಿಕ ಎಲ್ಲ ಸುತ್ತಿದರು. ಹೋದಲ್ಲೆಲ್ಲ ಮೆಕ್ಲೌಡ್ ಹೆಸರಿನವರನ್ನು ಹುಡುಕಿ ಸೇರಿಸಿದರು. 1956ರಿಂದ ಡನ್‌ವೇಗನ್‌ನಲ್ಲಿ ಕುಲದ ದೊಡ್ಡ ಕೂಟ ನಡೆಯುತ್ತಾ ಬಂದಿದೆ. ಕುಲ ಅಂದರೆ ಜನ ಅಂತ ಆ ಮುದುಕಿ ನಡೆದು ತೋರಿಸಿದರು.

ಕೋಟೆಯೂ ಸಾಮಾನ್ಯದ್ದಲ್ಲ. ಸಮುದ್ರದ ಅಂಚಿನ ಬಂಡೆಯ ಮೇಲೆ ನಿಂತಿದೆ. ಸುಮಾರು 800 ವರ್ಷದಿಂದ ಒಂದೇ ಮನೆತನದ ಕೈಯಲ್ಲಿದೆ. ಒಳಗೆ ಫೇರಿ ಫ್ಲ್ಯಾಗ್ ಅನ್ನುವ ಜೀರ್ಣವಾದ ರೇಷ್ಮೆ ಬಾವುಟ ಇದೆ. ಬಿಚ್ಚಿ ಹಾರಿಸಿದರೆ ಯುದ್ಧ ಗೆಲ್ಲಿಸುತ್ತದೆ ಅನ್ನುವ ನಂಬಿಕೆ ಅದರದ್ದು. ಸರ್ ರೋರಿ ಮೋರ್ ಹೆಸರಿನ ಒಂದು ಕೊಂಬೂ ಇದೆ. ಅದರ ತುಂಬ ಕೆಂಪು ವೈನ್ ಹಾಕಿ ಒಂದೇ ಉಸಿರಿಗೆ ಕುಡಿದವನೇ ಯೋಗ್ಯ ವಾರಸುದಾರ ಅಂತ ಪದ್ಧತಿ. 1965ರಲ್ಲಿ ಜಾನ್ ಎರಡು ನಿಮಿಷದೊಳಗೆ ಅದನ್ನು ಖಾಲಿ ಮಾಡಿದರು. ಇಂಥ ಮನೆಯ ಚಾವಣಿ ಕಣ್ಣೆದುರೇ ಹಾಳಾಗುತ್ತಿದ್ದರೆ ಎದೆಯುರಿ ಆಗದೇ ಇರುತ್ತದಾ? ಅವರ ಸಂಕಟ ನಿಜವಾದದ್ದು.

ಈಗ ಬೆಟ್ಟದ ವಿಷಯಕ್ಕೆ ಬರೋಣ. ಕೂಲಿನ್ ಕಪ್ಪು ಗ್ಯಾಬ್ರೊ ಕಲ್ಲಿನ ಚೂಪು ಶಿಖರಗಳ ಸಾಲು. ಎತ್ತರದ ಶಿಖರ ಸ್ಗುರ್ ಅಲಸ್ಟರ್, 992 ಮೀಟರ್. ಅಲ್ಲಿನ ಕಲ್ಲಿನಲ್ಲಿ ಅಯಸ್ಕಾಂತದ ಗುಣ ಇರುವುದರಿಂದ ದಿಕ್ಸೂಚಿ ಕೂಡ ದಾರಿ ತಪ್ಪಿಸುತ್ತದೆ. ಬ್ರಿಟನ್‌ನ ಬೆಟ್ಟ ಹತ್ತುವವರಿಗೆ ಇದಕ್ಕಿಂತ ದೊಡ್ಡ ಕನಸಿಲ್ಲ. ಅದನ್ನು ಯಾರೋ ದುಡ್ಡಿರುವವರು ಕೊಂಡುಕೊಳ್ಳಬಹುದು ಅನ್ನುವ ಮಾತೇ ಜನರಿಗೆ ಸಹಿಸಲಾಗಲಿಲ್ಲ. ಈ ಬೆಟ್ಟ ಇವರದ್ದು ಅಂತ ಹೇಳಿದ್ದು ಯಾರು ಅನ್ನುವ ಪ್ರಶ್ನೆ ಎದ್ದಿತು. ಕ್ರೌನ್ ಎಸ್ಟೇಟ್ ಅಂತ ಒಂದು ಸಂಸ್ಥೆ ಇದೆ, ಅರಸೊತ್ತಿಗೆಯ ಆಸ್ತಿಗಳನ್ನು ನೋಡಿಕೊಳ್ಳುವುದು. ಅವರು ಹಳೆಯ ಕಾಗದಪತ್ರ ತೆಗೆಸಿ ನೋಡಿದರು. ಕೊನೆಗೆ, ಕೋರ್ಟಿಗೆ ಹೋಗುವಷ್ಟು ಆಧಾರ ಸಿಗಲಿಲ್ಲ ಅಂತ ಕೈಬಿಟ್ಟರು.

ಅಂದರೆ ಕಾನೂನಿನ ಪ್ರಕಾರ ಜಾನ್ ಗೆದ್ದರು. ನನ್ನ ತಕರಾರು ಕಾನೂನಿನ ಹಿಂದೆ ಇರುವ ಇತಿಹಾಸದ ಬಗ್ಗೆ.

ಹಿಂದೆ ಯಜಮಾನ ಅಂದರೆ ಜನರನ್ನು ಕಾಯುವವನು, ಯುದ್ಧಕ್ಕೆ ಕರೆದಾಗ ಜನ ಅವನ ಹಿಂದೆ ಹೋಗುತ್ತಿದ್ದರು. ನೆಲ ಅವನ ಹೆಸರಿನಲ್ಲಿದ್ದರೂ ಅದರ ಮೇಲೆ ತಮಗೂ ಹಕ್ಕಿದೆ ಅಂತ ಜನ ನಂಬಿದ್ದರು. 1746ರಲ್ಲಿ ಕಲೋಡನ್ ಯುದ್ಧ ಆಯಿತು, ಬಂಡೆದ್ದ ಕುಲಗಳನ್ನು ಸರ್ಕಾರಿ ಸೈನ್ಯ ಸೋಲಿಸಿತು. ಮರುವರ್ಷ ಲಂಡನ್ನಿನ ಸಂಸತ್ತು ಯಜಮಾನರ ನ್ಯಾಯಾಧಿಕಾರವನ್ನು ಕಿತ್ತುಕೊಂಡಿತು. ಆದರೆ ನೆಲವನ್ನು ಅವರಿಗೇ ಬಿಟ್ಟಿತು. ಹೊಣೆ ಹೋಯಿತು, ಆಸ್ತಿ ಉಳಿಯಿತು. ಕುಲದ ಜನ ಬರೀ ಗೇಣಿದಾರರಾದರು. ಮುಂದಿನ ಅನಾಹುತಗಳಿಗೆಲ್ಲ ದಾರಿ ಆಗಿದ್ದು ಇದೇ ಅಂತ ನನ್ನ ಅಭಿಪ್ರಾಯ.

ಮೆಕ್ಲೌಡ್ ಮನೆತನದಲ್ಲೇ ಎಲ್ಲ ಥರದವರೂ ಇದ್ದರು. 1739ರಲ್ಲಿ ಸ್ಕೈ ಮತ್ತು ಈ ಮನೆತನದ್ದೇ ಆಗಿದ್ದ ಹತ್ತಿರದ ಹ್ಯಾರಿಸ್ ಪ್ರದೇಶದ ಬಡವರನ್ನು ಹಿಡಿದು, ಹಡಗಿಗೆ ತುಂಬಿ, ಅಮೆರಿಕದಲ್ಲಿ ಆಳುಗಳಾಗಿ ಮಾರಲು ಸಾಗಿಸಿದ ಪ್ರಕರಣ ನಡೆಯಿತು. ಅದರಲ್ಲಿ ಅಂದಿನ ಯಜಮಾನನ ಹೆಸರೂ ಕೇಳಿಬಂತು. ಅವನ ಮೊಮ್ಮಗ ನಾರ್ಮನ್, 23ನೆಯವನು, ಸಾಲದ ಹೊರೆ ಹೊತ್ತುಕೊಂಡೇ ಪಟ್ಟಕ್ಕೆ ಬಂದ. 1779ರಲ್ಲಿ ಹ್ಯಾರಿಸ್ ಅನ್ನು ಜನಸಮೇತ ಮಾರಿಬಿಟ್ಟ. ಆಮೇಲೆ ಸೈನ್ಯ ಕಟ್ಟಿಕೊಂಡು ಬಂದದ್ದು ನಮ್ಮ ಕಡೆಗೇ. 1782ರ ನವೆಂಬರ್‌ನಲ್ಲಿ ಮಲಬಾರಿನ ಪೊನ್ನಾನಿಯಲ್ಲಿ ಟಿಪ್ಪುವಿನ ಸೈನ್ಯದ ಎದುರು ನಿಂತಿದ್ದು ಇವನೇ. 1783ರಲ್ಲಿ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದಾಗ ಕೋಟೆಯೊಳಗೆ ತಿಂಗಳುಗಟ್ಟಲೆ ಹಸಿದು ಕೂತ ಸ್ಕಾಟಿಷ್ ಸೈನಿಕರು ಇವನು ಕರೆತಂದ ದಂಡಿನವರು. ಅವರಲ್ಲಿ ಎಷ್ಟು ಜನ ಮಂಗಳೂರಿನ ಮಣ್ಣಲ್ಲೇ ಉಳಿದರೋ. ಯಜಮಾನನ ಮಾತಿಗೆ ಬಂದೂಕು ಹೊತ್ತ ಆ ಹುಡುಗರಿಗೆ ಊರಲ್ಲಿ ಸ್ವಂತಕ್ಕೆ ಒಂದು ಗುಂಟೆ ಇರಲಿಲ್ಲ. ನಾರ್ಮನ್ ಮಾತ್ರ ಊರಿಗೆ ಮರಳಿ ಡನ್‌ವೇಗನ್ ಕೋಟೆಯ ದುರಸ್ತಿಗೆ ಕೈಹಾಕಿದ. ಆಗಲೂ ಕೋಟೆಯೇ ನೋಡಿ!

ಮುಂದಿನ ತಲೆಮಾರಿನಲ್ಲಿ ಸ್ಕೈನ ಬ್ರಾಕಡೇಲ್ ಕಡೆ ಒಕ್ಕಲೆಬ್ಬಿಸಿ ಕುರಿ ಬಿಟ್ಟರು. ತುಂಬ ಜನ ಹಡಗು ಹತ್ತಿದರು.

ಇದೇ ಮನೆತನದಲ್ಲಿ 25ನೆಯವನೂ ಹುಟ್ಟಿದ. ಅವನ ಹೆಸರೂ ನಾರ್ಮನ್. 1846ರಿಂದ ಆಲೂಗೆಡ್ಡೆ ಬೆಳೆ ಕೊಳೆತು ಬರ ಬಂದಾಗ ಅವನು ಕೈಯಲ್ಲಿದ್ದ ದುಡ್ಡನ್ನೆಲ್ಲ ಸುರಿದು ಜನರಿಗೆ ಊಟ ಹಾಕಿದ. ದಿವಾಳಿಯಾದ. ಕೋಟೆ ಬಿಟ್ಟು ಲಂಡನ್ನಿಗೆ ಹೋಗಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡ. ಈ ಮನುಷ್ಯನ ವಿಷಯ ಓದಿದಾಗ ನನಗೆ ನಿಜವಾಗಲೂ ಕಣ್ಣು ತುಂಬಿ ಬಂತು. ಜಮೀನು ಜನರಿಗಾಗಿ ಇದೆ ಅಂತ ತಿಳಿದ ಯಜಮಾನ ಇವನು. ಜನ ಉಳಿಯಲಿ ಅಂತ ಮನೆ ಕಳೆದುಕೊಂಡ. ಕುಲದ ಚರಿತ್ರೆಯಲ್ಲಿ ಯುದ್ಧ ಗೆದ್ದವರಿಗಿಂತ ಇವನಿಗೆ ಜಾಸ್ತಿ ಜಾಗ ಸಿಗಬೇಕು.

ಜಾನ್ ಅವರನ್ನು ನಾನು ಅಳೆಯುವುದು ಇವನ ಪಕ್ಕ ನಿಲ್ಲಿಸಿ. ಅವರು ಕೇಳಿದ್ದು ಕುಲದ ಪರಂಪರೆ ಉಳಿಸಲು ಹಣ. ಆದರೆ ಕೋಟೆ ಕಾಗದದ ಪ್ರಕಾರ ಅವರ ಮನೆತನದ್ದು, ಕುಲದ್ದಲ್ಲ. ಮಾರಲು ಹೊರಟ ಬೆಟ್ಟವೋ, ಜನ ತಲೆಮಾರುಗಳಿಂದ ತಮ್ಮದು ಅಂತಲೇ ನಂಬಿಕೊಂಡು ಬಂದದ್ದು. ಮನೆಯ ಮಾಡಿಗಾಗಿ ಊರಿನ ಬೆಟ್ಟ ಮಾರುವುದು ಯಾವ ನ್ಯಾಯ? ಪರಂಪರೆಯ ಹೆಸರು ಹೇಳುವಾಗ ಕುಲ, ಕಾಗದ ತೋರಿಸುವಾಗ ಸ್ವಂತ ಆಸ್ತಿ, ಎರಡೂ ಒಟ್ಟಿಗೆ ನಡೆಯಬಾರದು ಅಲ್ವಾ.

ಅವರಿಗೂ ಇದು ಒಂದಿಷ್ಟು ಅರ್ಥವಾಗಿರಬೇಕು. ಕೊಳ್ಳುವವರು ಯಾರೂ ಬರದೇ ಹೋದಾಗ ಮಾರಾಟ ಹಿಂತೆಗೆದುಕೊಂಡರು. ಕೋಟೆ ಸರಿಮಾಡಿಸುವುದಾದರೆ ಬೆಟ್ಟವನ್ನು ಸಾರ್ವಜನಿಕರಿಗೆ ಬಿಟ್ಟುಕೊಡುತ್ತೇನೆ ಅಂದರು. ಅದು ಮೊದಲಿಗಿಂತ ಎಷ್ಟೋ ಒಳ್ಳೆಯ ಮಾತು. ಆದರೆ ಅದಕ್ಕೆ, ಲಾಟರಿಯ ಹಣವನ್ನು ಪರಂಪರೆ ಉಳಿಸುವ ಕೆಲಸಗಳಿಗೆ ಕೊಡುವ ನಿಧಿಯಿಂದ ಹಣ ಸಿಗಲಿಲ್ಲ. 2007ರ ಫೆಬ್ರವರಿಯಲ್ಲಿ, 71ನೇ ವಯಸ್ಸಿನಲ್ಲಿ, ಜಾನ್ ತೀರಿಕೊಂಡರು. ಮಗ ಹ್ಯೂ ಈಗ 30ನೇ ಯಜಮಾನರು. ಅವರ ಕಾಲದಲ್ಲಿ ಬೆಟ್ಟ ಮಾರದೆಯೇ ಕೋಟೆಯ ದುರಸ್ತಿ ನಡೆಯಿತು.

ಈ ನಡುವೆ ಸ್ಕಾಟ್ಲೆಂಡ್ ಬದಲಾಗಿದೆ. 1997ರಲ್ಲಿ ಸ್ಕೈ ಪಕ್ಕದ ಐಗ್ ದ್ವೀಪದ ಜನ ಸೇರಿ ತಮ್ಮ ದ್ವೀಪವನ್ನು ತಾವೇ ಕೊಂಡುಕೊಂಡರು. 2003ರ ಭೂಸುಧಾರಣೆ ಕಾನೂನು ಬೆಟ್ಟ ಗುಡ್ಡಗಳಲ್ಲಿ ಓಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. ಊರಿನವರು ಒಟ್ಟಾಗಿ ನೆಲ ಕೊಳ್ಳಲೂ ದಾರಿ ಮಾಡಿತು. ಅದೇ ವರ್ಷ ಹ್ಯಾರಿಸ್‌ನ ಉತ್ತರ ಭಾಗ ಅಲ್ಲಿನ ಜನರ ಟ್ರಸ್ಟಿನ ಕೈಗೆ ಬಂತು. ಹೌದು, 1779ರಲ್ಲಿ ನಾರ್ಮನ್ ಮಾರಿದ ಹ್ಯಾರಿಸ್‌ನದೇ ಭಾಗ.

ಕೂಲಿನ್ ಕೂಡ ಹಾಗೆ ಸ್ಕೈ ಜನರ ಕೈಗೆ ಹೋಗಬೇಕು ಅನ್ನೋದು ನನ್ನ ಆಸೆ. ಇಂದು ಸ್ಕಾಟ್ಲೆಂಡಿನಲ್ಲಿ ಒಂದೆಕರೆ ಜಮೀನಿಲ್ಲದ ಕುಲದ ಯಜಮಾನರೂ ಇದ್ದಾರೆ, ಅವರ ಜನ ಅವರನ್ನು ಯಜಮಾನರು ಅಂತಲೇ ಕರೆಯುತ್ತಾರೆ. ಕೆನಡಾದಿಂದ, ನ್ಯೂಜಿಲೆಂಡಿನಿಂದ ಡನ್‌ವೇಗನ್‌ಗೆ ಬರುವ ಮೆಕ್ಲೌಡರು ಎಕರೆ ಲೆಕ್ಕ ಕೇಳಿಕೊಂಡು ಬರುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ, ಒಕ್ಕಲೆಬ್ಬಿಸಿ ಹಡಗು ಹತ್ತಿಸಿದವರ ಮರಿಮಕ್ಕಳು. ಬೆಟ್ಟ ಊರಿನದ್ದಾದರೂ ಅವರು ಬರುತ್ತಾರೆ, ಹ್ಯೂ ಅವರ ಕೈ ಕುಲುಕುತ್ತಾರೆ.