ಫೋಟೋದಲ್ಲಿ ಚೆಂದ, ಕೈಯಲ್ಲಿ ಕಷ್ಟ

ಆನ್‌ಲೈನ್‌ನಲ್ಲಿ ಬಟ್ಟಲು ತರಿಸುವಾಗ ಅಗಲ ನೋಡಿದೆ, ಎತ್ತರ ನೋಡಿದೆ, ಬಣ್ಣವನ್ನಂತೂ ಹತ್ತು ಸಲ ನೋಡಿದೆ. ತಳ ಎಷ್ಟು ಅಗಲ ಅಂತ ನೋಡಲೇ ಇಲ್ಲ. ನೋಡೋಣ ಅಂದರೂ ಅದನ್ನು ಬರೆದಿರಲಿಲ್ಲ, ಬಿಡಿ.

ಬಾಯಿ 20 ಸೆಂ.ಮೀ., ಎತ್ತರ 10 ಸೆಂ.ಮೀ. ಇಷ್ಟೇ ವಿವರ. ಇದೇ ಅಳತೆಯ ಪಾತ್ರೆ ಡಬ್ಬಿಯ ಹಾಗೆ ನೆಟ್ಟಗಿದ್ದರೆ 3 ಲೀಟರಿಗಿಂತ ಜಾಸ್ತಿ ಹಿಡಿಯುತ್ತದೆ. ಅರ್ಧ ಚೆಂಡಿನ ಹಾಗಿದ್ದರೆ ಸುಮಾರು 2.1 ಲೀಟರ್. ಲಾಳಿಕೆಯ ಹಾಗೆ ಚೂಪಾಗಿ ಇಳಿದಿದ್ದರೆ 1 ಲೀಟರ್ ಆಸುಪಾಸು. ನನಗೆ ಬಂದಿದ್ದು ಹೆಚ್ಚುಕಡಿಮೆ ಲಾಳಿಕೆಯೇ!

ಅದರಲ್ಲಿ ಹಿಟ್ಟು ಕಲಸಲು ಹೋದರೆ ಬಟ್ಟಲೇ ಗಿರಗಿರ ತಿರುಗುತ್ತದೆ. ಒಂದು ಕೈ ಕಲಸಲು, ಇನ್ನೊಂದು ಅದನ್ನು ಹಿಡಿದುಕೊಳ್ಳಲು. ಹಾಗಾದರೆ ನೀರು ಹಾಕುವವರು ಯಾರು? ಸೌಟು ಒಳಗಿಟ್ಟು ಕೈ ಬಿಟ್ಟರೆ ಸೌಟಿನ ಭಾರಕ್ಕೇ ಮಗುಚುತ್ತದೆ.

ಜೊತೆಗೆ ತರಿಸಿದ ಇನ್ನೊಂದು ನೆಟ್ಟಗಿದೆ, ಅಲುಗಾಡುವುದಿಲ್ಲ. ಆದರೆ ತಳದ ಸುತ್ತ ಚೂಪು ಮೂಲೆ. ಒಣ ಹಿಟ್ಟೆಲ್ಲ ಅಲ್ಲಿ ಅಡಗಿ ಕೂರುತ್ತದೆ. ದುಂಡು ಚಮಚ ಅಲ್ಲಿಗೆ ತಲುಪುವುದಿಲ್ಲ, ತೊಳೆಯುವಾಗಲೂ ಬೆರಳೇ ಗತಿ. ಸುರಿಯಲು ಅಂಚಿಗೆ ತುಟಿಯೂ ಇಲ್ಲ. ಅರ್ಧ ನೀರು ಹೊರಮೈ ಹಿಡಿದು ಇಳಿದು ಕಟ್ಟೆಯ ಮೇಲೆ.

ಕೆಲವರು ಲೀಟರ್ ಲೆಕ್ಕ ಬರೆಯುತ್ತಾರೆ, ನಿಜ. ಅದೂ ಎಷ್ಟೋ ಸಲ ಅಂಚಿನವರೆಗೆ ತುಂಬಿದ ಲೆಕ್ಕ. ಅಷ್ಟು ತುಂಬಿ ಯಾರಾದರೂ ಕಲಸುತ್ತಾರಾ?

ಮೇಲಿಂದ ತೆಗೆದ ಫೋಟೋದಲ್ಲಿ ಎಲ್ಲಾ ಬಟ್ಟಲೂ ಒಂದೇ ದುಂಡು, ಅಲ್ವಾ? ಪಕ್ಕದಿಂದ ಒಂದು ತೆಗೆಯಲು ಏನು ಕಷ್ಟವೋ! ನನ್ನ ಲಾಳಿಕೆಯಲ್ಲಿ ಈಗ ಬೀಗದ ಕೈಗಳಿವೆ.