ಸುಣ್ಣದ ಸದ್ದು

ಕಳೆದ ಭಾನುವಾರ ಬೆಳಗಿನ ತಿಂಡಿಯ ಹೊತ್ತಿನಲ್ಲಿ ನಮ್ಮ ಮಾವನವರು ಟೀವಿಯ ರಿಮೋಟನ್ನು ಮೇಜಿನ ಮೇಲಿಟ್ಟು, ಬಹಳ ಮರ್ಯಾದೆಯಿಂದ, "ಅಳಿಯಂದಿರೇ, ಇವತ್ತು 28" ಎಂದರು. ಹೊರಗಿನವರಿಗೆ ಇದು ಹವಾಮಾನ ವರದಿಯಂತೆ ಕೇಳಿಸೀತು. ನಮ್ಮ ಮನೆಯಲ್ಲಿ ಇದಕ್ಕಿರುವುದು ಒಂದೇ ಅರ್ಥ: ಹಜಾರದ ಉಪ್ಪುನೀರಿನ ಮೀನುತೊಟ್ಟಿಯ ಪಂಪಿಗೆ ಮತ್ತೆ ಸುಣ್ಣ ಕಟ್ಟಿದೆ, ಮತ್ತು ನನ್ನ ಭಾನುವಾರ ಅಲ್ಲಿಗೆ ಮುಗಿದಿದೆ.

ಬೆಂಗಳೂರಿಗೆ ಸಮುದ್ರವಿಲ್ಲವೆಂಬ ಕೊರತೆಯನ್ನು ನೀಗಿಸುವ ಹೊಣೆಯನ್ನು ಯಾರೂ ನನಗೆ ಒಪ್ಪಿಸಿರಲಿಲ್ಲ. ಆದರೂ ಮೂರು ವರ್ಷಗಳ ಹಿಂದೆ 200 ಲೀಟರಿನ ಗಾಜಿನ ತೊಟ್ಟಿಯೊಂದನ್ನು ತಂದು, ಆರ್‌.ಓ. ನೀರು ತುಂಬಿಸಿ, ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಏಳು ಕಿಲೋ ಉಪ್ಪನ್ನು ಕರಗಿಸಿದೆ. ಅದು ಅಡುಗೆಯ ಉಪ್ಪಲ್ಲ. ಸಮುದ್ರದಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವನ್ನೆಲ್ಲ ಅಳೆದು ಬೆರೆಸಿದ, ಬೆಲೆ ಕೇಳಿದರೆ ಬಾಯಿ ಉಪ್ಪಾಗುವ ಉಪ್ಪು. ಅದರಲ್ಲಿ ಎರಡು ಕ್ಲೌನ್ ಮೀನುಗಳನ್ನೂ ಬೆರಳುಗಾತ್ರದ ನಾಲ್ಕು ಹವಳದ ತುಂಡುಗಳನ್ನೂ ಇಳಿಬಿಟ್ಟೆ.

ಹವಳವು ತನ್ನ ಅಸ್ಥಿಪಂಜರವನ್ನು ಕಟ್ಟಿಕೊಳ್ಳುವುದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಆದುದರಿಂದ ಅದು ಬೆಳೆಯಬೇಕಾದರೆ ನೀರಿನಲ್ಲಿ ಲೀಟರಿಗೆ 400 ಮಿಲಿಗ್ರಾಂಗೆ ಕಡಿಮೆಯಾಗದಂತೆ ಕ್ಯಾಲ್ಸಿಯಂ ಇರಬೇಕು. ಅದಕ್ಕಾಗಿ ನಾನು ಪ್ರತಿ ರಾತ್ರಿ ಸುಣ್ಣದ ತಿಳಿನೀರನ್ನು, ಆಸ್ಪತ್ರೆಯಲ್ಲಿ ಗ್ಲೂಕೋಸ್ ಹನಿಸುವ ಹಾಗೆ, ತೊಟ್ಟಿಗೆ ಹನಿಹನಿಯಾಗಿ ಬಿಡುತ್ತೇನೆ. "ಸುಣ್ಣ ಹಾಕುವವರೂ ನೀವೇ, ಸುಣ್ಣ ಕಟ್ಟಿತೆಂದು ಕೂಗಾಡುವವರೂ ನೀವೇ" ಎಂದು ನನ್ನ ಹೆಂಡತಿ ಹೇಳುವುದರಲ್ಲಿ ರಸಾಯನಶಾಸ್ತ್ರದ ದೃಷ್ಟಿಯಿಂದ ಯಾವ ದೋಷವೂ ಇಲ್ಲ. ಸಕ್ಕರೆಯು ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಸ್ವಭಾವ ಇದಕ್ಕೆ ತೀರ ವಿರುದ್ಧ, ಬಿಸಿ ತಾಗಿದಷ್ಟೂ ಅದು ನೀರನ್ನು ಬಿಟ್ಟು ಹೊರಗೆ ಬರುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರಿನ ಕಾಯಿಲ್ ಬಿಳಿಯ ಕಂಬಳಿ ಹೊದ್ದುಕೊಳ್ಳುವುದೂ ಇದೇ ಕಾರಣಕ್ಕೆ. ನನ್ನ ತೊಟ್ಟಿಯೊಳಗೆ ಹಗಲೂ ರಾತ್ರಿ ತಿರುಗಿ ಬೆಚ್ಚಗಾಗುವ ವಸ್ತುವೆಂದರೆ ಪಂಪು. ಹೀಗಾಗಿ ಮೂರು ವರ್ಷಗಳಲ್ಲಿ ಹವಳ ಬೆಳೆದದ್ದು ಅರ್ಧ ಬೆರಳಿನಷ್ಟು. ಪಂಪು ಮಾತ್ರ ವರ್ಷಕ್ಕೆ ನಾಲ್ಕು ಸಲ ಮೈತುಂಬಿಕೊಳ್ಳುತ್ತದೆ.

ಇನ್ನು ಆ 28ರ ವಿಚಾರ. ಮಾವನವರು ಬಸ್ ಡಿಪೋದಲ್ಲಿ 31 ವರ್ಷ ಮೆಕ್ಯಾನಿಕ್ ಆಗಿದ್ದವರು. ಬಸ್ಸು ಗೇಟಿನೊಳಗೆ ಬರುವ ಮೊದಲೇ ಅದರ ಯಾವ ಭಾಗ ಸವೆದಿದೆಯೆಂದು ಸದ್ದಿನಿಂದಲೇ ಹೇಳುತ್ತಿದ್ದರಂತೆ. ನಿವೃತ್ತರಾಗಿ ನಮ್ಮ ಮನೆಗೆ ಬಂದ ಮೇಲೆ ಆ ವಿದ್ಯೆಯೆಲ್ಲ ನನ್ನ ಪಂಪಿನ ಮೇಲೆ ಎರಗಿತು. ಪಂಪು ಶುದ್ಧವಾಗಿದ್ದಾಗ ಅವರಿಗೆ ವಾರ್ತೆ ಕೇಳಲು ಟೀವಿಯ ದನಿ 18ಕ್ಕಿದ್ದರೆ ಸಾಕು. ಸುಣ್ಣ ಕಟ್ಟತೊಡಗಿದಂತೆ ಅವರು ದನಿಯನ್ನು ಏರಿಸುತ್ತಾರೆ, ಏರಿಸಿದ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕಕ್ಕೂ ಗ್ಯಾಸ್ ಸಿಲಿಂಡರ್ ಬಂದ ತಾರೀಖಿಗೂ ನಡುವೆ ಉಳಿದ ಜಾಗದಲ್ಲಿ, ಪೆನ್ಸಿಲಿನಿಂದ ಬರೆದಿಡುತ್ತಾರೆ. 22 ಆದಾಗ "ಸಣ್ಣಗೆ ನರಳುತ್ತಿದೆ" ಎನ್ನುತ್ತಾರೆ. 24 ಆದಾಗ "ಲೋಡ್ ಲಾರಿ ಶಿರಾಡಿ ಘಾಟಿಯಲ್ಲಿ ಎರಡನೆಯ ಗೇರಿಗೆ ಬಂದ ಹಾಗಿದೆ" ಎನ್ನುತ್ತಾರೆ. 26ಕ್ಕೆ ಸೈಲೆನ್ಸರ್ ಬಿದ್ದುಹೋಗುತ್ತದೆ. ಅಷ್ಟು ಹೊತ್ತಿಗೆ ಧಾರಾವಾಹಿಯ ಅತ್ತೆ ಸೊಸೆಯನ್ನು ಬೈಯುವುದು ಮೇಲಿನ ಮಹಡಿಯವರಿಗೂ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ. ಅವರು ಲಿಫ್ಟಿನಲ್ಲಿ ಸಿಕ್ಕಾಗ ನನ್ನ ಕಡೆ ನೋಡುವ ನೋಟದಲ್ಲಿ ಆ ಸೊಸೆಯ ಮೇಲಿನ ಕನಿಕರವೆಲ್ಲ ಇರುತ್ತದೆ. ಊರಿನಿಂದ ನೆಂಟರು ಫೋನ್ ಮಾಡಿ ಆರೋಗ್ಯ ವಿಚಾರಿಸಿದರೂ ಮಾವನವರು, "ನಾನು ಚೆನ್ನಾಗಿದ್ದೇನೆ, ಪಂಪು 26ರಲ್ಲಿದೆ" ಎಂದೇ ಉತ್ತರಿಸುತ್ತಾರೆ. ಇಷ್ಟಾದರೂ ಒಂದು ದಿನವೂ ಅವರು ಪಂಪನ್ನು ತೊಳೆಯಿರಿ ಎಂದು ನನಗೆ ಹೇಳಿದವರಲ್ಲ. ಅಳಿಯನಿಗೆ ಕೆಲಸ ಹೇಳುವುದು ಅವರ ಸಂಸ್ಕಾರವಲ್ಲ. ಅಂಕಿ ಹೇಳುತ್ತಾರೆ, ಅಷ್ಟೆ.

ಕರೆಂಟ್ ಆರಿಸಿ ಪಂಪನ್ನು ಹೊರತೆಗೆದೆ. ಬಿಳಿಯ ಹೊರಪದರ, ಅದರ ಮೇಲೆ ಅಲ್ಲಲ್ಲಿ ನಸುಗೆಂಪು ಪಾಚಿಯ ಚಕ್ಕೆ. ನೋಡಲು ಹಳೆಯ ಕೋಟೆಯ ಗೋಡೆಯ ತುಂಡಿನಂತಿತ್ತು. ಪ್ಲಾಸ್ಟಿಕ್ ಬೋಗುಣಿಯಲ್ಲಿ ಅರ್ಧ ವಿನೆಗರ್, ಅರ್ಧ ನೀರು ಬೆರೆಸಿ ಬಿಡಿಭಾಗಗಳನ್ನು ಮುಳುಗಿಸಿದೊಡನೆ ಸೋಡಾ ಬಾಟಲಿಯನ್ನು ತೆರೆದಂತೆ ನೊರೆ ಉಕ್ಕಿತು. ವಿನೆಗರಿನ ಆಮ್ಲವು ಸುಣ್ಣವನ್ನು ಕರಗಿಸುವಾಗ ಇಂಗಾಲದ ಡೈಆಕ್ಸೈಡ್ ಹೊರಬೀಳುವ ಈ ದೃಶ್ಯವು ಇಡೀ ಕೆಲಸದಲ್ಲಿ ನನಗೆ ದೊರೆಯುವ ಏಕೈಕ ಸಂತೋಷವಾಗಿದ್ದು, ಅದೂ ಗೋಬಿ ಮಂಚೂರಿಗೆಂದು ತಂದಿಟ್ಟಿದ್ದ ವಿನೆಗರ್ ಪೂರ್ತಿ ಖಾಲಿಯಾಗಿದೆಯೆಂದು ಅಡುಗೆಮನೆಯಲ್ಲಿ ಪತ್ತೆಯಾಗುವವರೆಗೆ ಮಾತ್ರ ಇರುತ್ತದೆ.

ಎರಡು ಗಂಟೆ ನೆನೆಸಿ, ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿ, ತೊಳೆದು ಜೋಡಿಸಲು ಕುಳಿತರೆ ಇಂಪೆಲ್ಲರ್ ಇಲ್ಲ. ನೀರನ್ನು ತಳ್ಳುವ ಆ ಪುಟ್ಟ ಚಕ್ರದ ಬೆನ್ನಿಗೆ ಬಲವಾದ ಅಯಸ್ಕಾಂತವಿರುತ್ತದೆ. ಸಿಂಕಿನ ಜಾಲರಿ, ಕಸದ ಡಬ್ಬಿ, ಹಿಟ್ಟಿನ ಪಾತ್ರೆ ಎಲ್ಲವನ್ನೂ ಶೋಧಿಸಿದ್ದಾಯಿತು. ಕೊನೆಗೆ ಸಂಜೆಯ ದೋಸೆಗೆಂದು ಹೆಂಡತಿ ಕಬ್ಬಿಣದ ಕಾವಲಿಯನ್ನು ಎತ್ತಿದಾಗ, ಅದರ ತಳಕ್ಕೆ ಕಚ್ಚಿಕೊಂಡಿದ್ದ ಇಂಪೆಲ್ಲರ್ ಕಾಣಿಸಿತು. ಒಲೆ ಹಚ್ಚಿರಲಿಲ್ಲ ಎಂಬುದೇ ಪುಣ್ಯ. ಅವಳು ಏನನ್ನೂ ಹೇಳದೆ ಕಾವಲಿಯನ್ನು ಇಂಪೆಲ್ಲರ್ ಸಮೇತ ನನ್ನ ಕೈಗಿತ್ತಳು.

ಪಂಪನ್ನು ಮತ್ತೆ ಕೂರಿಸಿ ಸ್ವಿಚ್ ಹಾಕಿದೆ. ಸದ್ದೇ ಇಲ್ಲ. ನೀರು ಹರಿಯುವುದು ಕಣ್ಣಿಗೆ ಕಾಣುತ್ತಿತ್ತು, ಆದರೆ ಹಜಾರದಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸುವಷ್ಟು ನಿಶ್ಶಬ್ದ. ನಾನು ಗೆದ್ದವನಂತೆ ರಿಮೋಟನ್ನು ಮಾವನವರ ಮುಂದೆ ಹಿಡಿದೆ. ಅವರು 18ಕ್ಕೆ ಇಳಿಸಿ, ವಾರ್ತೆ ಓದುವಾಕೆಯ ತುಟಿಗಳನ್ನೇ ಸ್ವಲ್ಪ ಹೊತ್ತು ನೋಡಿದರು. 20 ಮಾಡಿದರು. 24 ಮಾಡಿದರು. ಹೆಬ್ಬೆರಳು ನಿಂತದ್ದು 28ಕ್ಕೆ. ತೊಟ್ಟಿಯ ಕಡೆಗೊಮ್ಮೆ ತಿರುಗಿ, "ಇನ್ನೂ ಒಂದಿಷ್ಟು ಸುಣ್ಣ ಒಳಗೆ ಉಳಿದಿರಬೇಕು, ಅಳಿಯಂದಿರೇ" ಎಂದರು.

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಹೆಂಡತಿ ನನ್ನನ್ನು ನೋಡಿದಳು; ಆಮೇಲೆ ತಂದೆಯ ಕಿವಿಗಳನ್ನು ನೋಡಿದಳು. ಆ ಕಿವಿಗಳು 31 ವರ್ಷ, ಹತ್ತಿಯ ತುಂಡೂ ಇಲ್ಲದೆ, ಡೀಸೆಲ್ ಎಂಜಿನ್‌ಗಳ ನಡುವೆ ದುಡಿದಿದ್ದವು.

"ಹೌದು ಮಾವ, ಉಳಿದಿರಬೇಕು" ಎಂದು ನಾನು ತುಸು ಗಟ್ಟಿಯಾಗಿಯೇ ಹೇಳಿದೆ. "ಮುಂದಿನ ಭಾನುವಾರ ಇನ್ನೊಮ್ಮೆ ನೆನೆಸುತ್ತೇನೆ."

ಅವರು ಸಮಾಧಾನದಿಂದ ಎದ್ದು ಕ್ಯಾಲೆಂಡರಿನತ್ತ ಹೋಗಿ, ಪೆನ್ಸಿಲನ್ನು ಹುಡುಕತೊಡಗಿದರು.