ಗ್ರೀನ್ ಟೀ ಎಂಬ ಕಷಾಯ

ಬೆಳಗ್ಗೆ ಆರೂವರೆ. ಒಲೆಯ ಮೇಲೆ ಇವತ್ತೂ ಅದೇ ಕೊತಕೊತ. ಪಾತ್ರೆಯೊಳಗೆ ಗ್ರೀನ್ ಟೀ ಎಲೆ, ತುಳಸಿ, ಜಜ್ಜಿದ ಶುಂಠಿ, ಸಿಪ್ಪೆಸಮೇತ ನಾಲ್ಕು ಹೋಳಾದ ನಿಂಬೆಹಣ್ಣು ಎಲ್ಲ ಒಟ್ಟಿಗೆ ಕುಣಿಯುತ್ತಿವೆ. ಹತ್ತು ನಿಮಿಷದ ಮೇಲೆ ಲೋಟಕ್ಕೆ ಇಳಿಯುವುದು ಕೆರೆಕೋಡಿಯ ನೀರಿನ ಬಣ್ಣದ, ಬೇವಿಗೆ ಸವಾಲು ಹಾಕುವಂಥ ದ್ರವ. ಕುಡಿದವರು ಕಣ್ಣು ಮುಚ್ಚಿ ಗುಟುಕರಿಸಿ, ಮುಖ ಸರಿಮಾಡಿಕೊಂಡು, ‘ಆರೋಗ್ಯಕ್ಕೆ ಒಳ್ಳೇದು’ ಅನ್ನುತ್ತಾರೆ. ಆರೋಗ್ಯದ ಹೆಸರಿನಲ್ಲಿ ನಾಲಿಗೆಗೆ ದಿನಾ ಇಂಥ ಶಿಕ್ಷೆ ಯಾಕೆ?

ತಪ್ಪು ಅಭ್ಯಾಸದ್ದು. ನಮ್ಮ ಕೈಗೆ ಗೊತ್ತಿರುವುದು ಎರಡೇ: ಹಾಲಿನ ಚಹಾ, ಕಷಾಯ. ಒಂದು ಉಕ್ಕಿ ಬರಬೇಕು, ಇನ್ನೊಂದು ಕುದ್ದು ಅರ್ಧಕ್ಕಿಳಿಯಬೇಕು. ಕುದಿಸದೆ ಇಳಿಸಿದ್ದೆಲ್ಲ ನಮಗೆ ಹಸಿ ವಾಸನೆ. ಪಾಪ, ಗ್ರೀನ್ ಟೀ ಎಲೆಯನ್ನು ಕಾರ್ಖಾನೆಯಲ್ಲೇ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿ ಮಾಡಿ, ಕಪ್ಪಾಗದಂತೆ ತಡೆದು ಕಳಿಸಿರುತ್ತಾರೆ. ಅದಕ್ಕೆ ಬೇಕಾದದ್ದು 75–80 ಡಿಗ್ರಿಯ ನೀರು, ಎರಡು ನಿಮಿಷ. ಕುದಿನೀರಿಗೆ ಬಿದ್ದರೆ ಒಗರು-ಕಹಿಯ ಅಂಶಗಳೆಲ್ಲ ಒಮ್ಮೆಲೇ ನುಗ್ಗಿ ಬಂದು, ಎಲೆಯ ನವಿರಾದ ಸಿಹಿ ಎಲ್ಲೋ ಮುಳುಗಿಹೋಗುತ್ತದೆ.

ಥರ್ಮಾಮೀಟರ್ ಹುಡುಕಬೇಕಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಇರುವುದರಿಂದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಕ್ಕಾಲು ಲೋಟ ಕುದಿನೀರಿಗೆ ಕಾಲು ಲೋಟ ಕುಡಿಯುವ ತಣ್ಣೀರು ಬೆರೆಸಿ, ಹೆಚ್ಚುಕಡಿಮೆ 80ಕ್ಕೆ ಬಂದು ನಿಲ್ಲುತ್ತದೆ.

ಆದರೆ ಶುಂಠಿಗೆ ಕುದಿ ಬೇಕೇ ಬೇಕು. ಎಡವಟ್ಟು ಆಗುವುದು ಇಲ್ಲೇ. ಕುದಿ ಬೇಕಾದವರನ್ನೂ ಬೇಡದವರನ್ನೂ ಒಂದೇ ಬಸ್ಸಿಗೆ ಹತ್ತಿಸಬಾರದು. ಎರಡು ಲೋಟಕ್ಕೆ 450 ಮಿಲಿ ನೀರು, ಅರ್ಧ ಇಂಚು ಶುಂಠಿ, ಗಂಟು ಹಾಕಿದ ಎರಡು ಎಳೆ ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್). ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ. ಒಲೆ ಆರಿಸಿದ ಮೇಲೆ ಆರೇಳು ತುಳಸಿ ಎಲೆ, ನಾಲ್ಕೈದು ಪುದೀನ ಹಾಕಿ ಮತ್ತೆರಡು ನಿಮಿಷ ಮುಚ್ಚಿಡಿ. ಆಮೇಲೆ ಮುಚ್ಚಳ ತೆಗೆದು ಮೂರ್ನಾಲ್ಕು ನಿಮಿಷ ಆರಲು ಬಿಡಿ. ಇಲ್ಲಿ ಕೈ ತುರಿಸುತ್ತದೆ, ತಡೆದುಕೊಳ್ಳಿ. ಟೀ ಎಲೆಯ ಸರದಿ ಈಗ: ಲೋಟಕ್ಕೆ ಒಂದು ಚಮಚ, ಅಂದರೆ ಸುಮಾರು 2 ಗ್ರಾಂ. ಎರಡು ನಿಮಿಷಕ್ಕೆ ಸೋಸಿಬಿಡಿ. ಪಾತ್ರೆಯಲ್ಲೇ ಬಿಟ್ಟು ಪೇಪರ್ ಓದಲು ಕೂತರೆ ಮೊದಲ ಪುಟ ಮುಗಿಯುವಷ್ಟರಲ್ಲಿ ಅದು ಕಷಾಯ.

ನಿಂಬೆ ಎಲ್ಲಕ್ಕಿಂತ ಕೊನೆಗೆ, ಲೋಟಕ್ಕೆ ಒಂದು ಚಿಕ್ಕ ಚಮಚ ರಸ. ಘಮ ಇರುವುದು ಹೊರಸಿಪ್ಪೆಯ ಎಣ್ಣೆಯಲ್ಲಿ. ಅದರ ಕೆಳಗಿನ ಬಿಳಿ ಪದರ ಕಹಿ. ಹೋಳನ್ನೇ ಹಾಕಿ ಕುದಿಸಿದರೆ ಘಮವೆಲ್ಲ ಹಬೆಯಾಗಿ ಅಡುಗೆಮನೆಗೆ, ಕಹಿಯೆಲ್ಲ ಲೋಟಕ್ಕೆ. ಸಿಪ್ಪೆಯ ರುಚಿ ಬೇಕಿದ್ದರೆ ಬಿಳಿ ಬರದಂತೆ ತೆಳ್ಳಗೆ ಹೆರೆದು, ಲೋಟದ ಮೇಲೆ ಹಿಡಿದು ತಿರುಚಿ. ಕೊಡಗಿನ ಕಿತ್ತಳೆ ಸಿಪ್ಪೆಯೂ ಚೆನ್ನ. ಹೇರಳೆಕಾಯಿ ಮಾತ್ರ ಬೇಡ, ಅದು ಗೊಜ್ಜಿಗೇ ಇರಲಿ.

ಇಷ್ಟೆಲ್ಲ ರಗಳೆ ಯಾಕೆಂದು ಟೀ ಬ್ಯಾಗ್ ತಂದ ಮನೆಗಳಲ್ಲಿ ಇನ್ನೊಬ್ಬರು ಹುಟ್ಟಿಕೊಳ್ಳುತ್ತಾರೆ: ಹಿಂಡುವವರು. ಮೊದಲು ಬ್ಯಾಗನ್ನು ಬಾವಿಯ ಕೊಡದ ಹಾಗೆ ಇಪ್ಪತ್ತು ಸಲ ಇಳಿಸಿ ಎತ್ತುತ್ತಾರೆ. ಆಮೇಲೆ ಅದನ್ನು ಚಮಚದ ಮೇಲೆ ಮಲಗಿಸಿ, ದಾರವನ್ನು ಎರಡು ಸುತ್ತು ಬಿಗಿದು, ಒದ್ದೆ ಪಂಚೆ ಹಿಂಡುವ ಶ್ರದ್ಧೆಯಿಂದ ಹಿಂಡುತ್ತಾರೆ. ಹನಿ ನಿಂತರೂ ಬಿಡುವುದಿಲ್ಲ, ಬೆರಳಲ್ಲಿ ಒತ್ತಿ ‘ಅಬ್ಬಾ, ಬಿಸಿ’ ಎಂದು ಊದಿಕೊಂಡು ಮತ್ತೆ ಒತ್ತುತ್ತಾರೆ. ಕೊಟ್ಟ ದುಡ್ಡು ಇನ್ನೂ ಅದರೊಳಗೇ ಇದೆ ಎಂಬ ಗುಮಾನಿ. ಹಾಗೆ ಬರುವ ಕೊನೆಯ ಹನಿಗಳೇ ಎಲ್ಲಕ್ಕಿಂತ ಕಹಿ. ಅಷ್ಟಕ್ಕೂ ಮುಗಿಯಲಿಲ್ಲ. ಬ್ಯಾಗು ಕಿಟಕಿಯ ಸರಳಿಗೆ ಏರುತ್ತದೆ, ‘ಸಂಜೆಗೆ ಇನ್ನೊಂದು ಸಲ ಬರುತ್ತೆ’. ಸಂಜೆ ಹೊತ್ತಿಗೆ ಅದು ಗೋಡೆಗೆ ಅಂಟಿದ ಹಲ್ಲಿಯ ಹಾಗೆ ಕಾಣುತ್ತಿರುತ್ತದೆ. ಬಿಡಿ ಎಲೆಯನ್ನಾದರೆ ಅರ್ಧ ಗಂಟೆಯೊಳಗೆ ಎರಡನೇ ಸಲ ಬಳಸಬಹುದು, ತಕರಾರಿಲ್ಲ. ಬ್ಯಾಗಿನಲ್ಲಿರುವುದು ಹೆಚ್ಚಾಗಿ ಪುಡಿ. ಅದು ಮೊದಲ ಎರಡು ನಿಮಿಷದಲ್ಲೇ ಇದ್ದದ್ದನ್ನೆಲ್ಲ ಕೊಟ್ಟು ಕೈ ತೊಳೆದುಕೊಂಡಿರುತ್ತದೆ. ಸಂಜೆಯ ಲೋಟಕ್ಕೆ ಇಳಿಯುವುದು ಬರೀ ಬಣ್ಣ, ಜೊತೆಗೆ ಕಿಟಕಿಯ ಧೂಳು.

ಜೇನಿನ ವಿಷಯ ಬೇಗ ಮುಗಿಸೋಣ. ಒಂದು ಚಮಚಕ್ಕೆ ಸುಮಾರು 20 ಕ್ಯಾಲೊರಿ. ಸಕ್ಕರೆ ಬಿಟ್ಟೆವೆಂದು ಮೂರು ಚಮಚ ಜೇನು ಸುರಿಯುವವರಿಗೆ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಇನ್ನು ಈ ಚಹಾ ಊಟದ ಜೊತೆಗೆ ಬೇಡ, ಆಹಾರದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಚಹಾ ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ನಿಂಬೆ ಹಿಂಡಿದ ಲೋಟಕ್ಕೆ ‘ಒಂದೇ ಒಂದು ಚಮಚ ಹಾಲು’ ಹಾಕುವವರೂ ಇದ್ದಾರೆ. ಅದು ಪನೀರು ಮಾಡುವ ವಿಧಾನ.

ಹಿಂದೆ ಇದೆಲ್ಲ ಅಂಗಡಿಯಿಂದ ಬರುತ್ತಿರಲಿಲ್ಲ. ಮಲೆನಾಡಿನ ಮನೆಗಳ ಬಚ್ಚಲ ಹಿಂದೆ, ಮಿಂದ ನೀರು ಹರಿದುಹೋಗುವ ಕಡೆ ಒಂದು ನಿಂಬೆಗಿಡ, ಪಕ್ಕದಲ್ಲಿ ಮಜ್ಜಿಗೆ ಹುಲ್ಲಿನ ಬುಡ. ದಾಟಿ ಹೋಗುವಾಗ ಹುಲ್ಲಿಗೆ ಕಾಲು ತಾಗಿದರೆ ಸಾಕು, ಘಮ್ಮನ್ನುತ್ತಿತ್ತು. ಈಗ ಅದೇ ಹುಲ್ಲು ಸೂಪರ್ ಮಾರ್ಕೆಟ್ಟಿನ ಫ್ರಿಜ್ಜಿನಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಎಂಟು ಕಡ್ಡಿಯ ಲೆಕ್ಕದಲ್ಲಿ ನಡುಗುತ್ತ ಮಲಗಿದೆ.

ಇರಲಿ. ಎಲ್ಲ ಲೆಕ್ಕದ ಪ್ರಕಾರ ಮಾಡಿ, ಎಳೆ ಬಿಸಿಲಿನ ಬಣ್ಣದ ಲೋಟವನ್ನು ಮನೆಯ ಹಿರಿಯರ ಮುಂದಿಡಿ. ಅವರು ಬೆಳಕಿಗೆ ಹಿಡಿದು ನೋಡುತ್ತಾರೆ. ಒಂದು ಗುಟುಕು ಕುಡಿಯುತ್ತಾರೆ. ಬಾಯಿ ಚಪ್ಪರಿಸಿ, ಲೋಟ ವಾಪಸು ಕೊಡುತ್ತಾರೆ.

“ನೀರಾಗಿದೆಯಲ್ಲೇ. ಇನ್ನೊಂದು ಕುದಿ ಬರಿಸಿ ತಾ.”